ಬ್ಯಾಟರಿ ಬದಲಿಸುವ ಮೊದಲು ಎರಡು ಅಳತೆ

ತಂಗಿ ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದುಕೊಂಡು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಅಲ್ಲಿ ಅರ್ಧ ದಿನ ಕರೆಂಟಿಲ್ಲ. ಜುಲೈನಲ್ಲಿ ಫೋನ್ ಮಾಡಿ, "ಅಣ್ಣಾ, ಲ್ಯಾಪ್‌ಟಾಪ್ ಫುಲ್ ಚಾರ್ಜ್ ಇದ್ರೂ ಎರಡೂವರೆ ಗಂಟೆಗೆ ಬಂದ್ ಆಗ್ತಿದೆ. ಅಂಗಡಿಯವ್ರು ಬ್ಯಾಟರಿ ಹೋಗಿದೆ, ಬೇರೆ ಹಾಕ್ಸಿ ಅಂತಿದಾರೆ. ಹಾಕ್ಸ್ಲಾ?" ಅಂದಳು. ನಾನು ತಡಿ ಅಂದೆ. ಆ ವಾರಾಂತ್ಯ ಊರಿಗೆ ಹೋಗಿ ಅಳೆದೆ. ಅಲ್ಲಿ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ನಿಮ್ಮ ಯಂತ್ರಕ್ಕೂ ಹಾಗೇ ಮಾಡಬಹುದು.

ಲ್ಯಾಪ್‌ಟಾಪ್ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದು ಒಂದು ಭಾಗಾಕಾರ. ಮೇಲೆ ಬ್ಯಾಟರಿಯಲ್ಲಿರುವ ಶಕ್ತಿ, ವ್ಯಾಟ್-ಅವರ್ ಲೆಕ್ಕದಲ್ಲಿ. ಕೆಳಗೆ ಯಂತ್ರ ಎಳೆಯುವ ವಿದ್ಯುತ್ತು, ವ್ಯಾಟ್ ಲೆಕ್ಕದಲ್ಲಿ. ಉತ್ತರ ಗಂಟೆಗಳಲ್ಲಿ ಬರುತ್ತದೆ. ಹೊತ್ತು ಕಡಿಮೆಯಾಯಿತು ಅಂದರೆ ಮೇಲಿನದು ಇಳಿದಿರಬಹುದು, ಕೆಳಗಿನದು ಏರಿರಬಹುದು, ಎರಡೂ ಆಗಿರಬಹುದು. ಅಂಗಡಿಗಳಲ್ಲಿ ಮೇಲಿನದನ್ನಷ್ಟೇ ನೋಡುತ್ತಾರೆ, ಏಕೆಂದರೆ ಮಾರಲು ಬರುವುದು ಅದೊಂದೇ. ಕೆಳಗಿನದನ್ನು ಅಳೆಯಲು ದುಡ್ಡು ಬೇಡ, ಒಂದು ಮಧ್ಯಾಹ್ನ ಬೇಕು.

ಶುರುಮಾಡುವ ಮೊದಲು ಒಂದು ಎಚ್ಚರಿಕೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಉಬ್ಬಿದ್ದರೆ, ಮೇಜಿನ ಮೇಲೆ ಇಟ್ಟಾಗ ಯಂತ್ರ ಅಲ್ಲಾಡಿದರೆ ಯಾವ ಅಳತೆಯೂ ಬೇಡ. ಅದು ಊದಿಕೊಂಡ ಬ್ಯಾಟರಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ತೆಗೆಸಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ

ವಿಂಡೋಸ್‌ನಲ್ಲಿ ಇದಕ್ಕೆ ಬೇರೆ ತಂತ್ರಾಂಶ ಬೇಡ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ಬ್ಯಾಟರಿರಿಪೋರ್ಟ್ ಎಂದು ಬರೆದು (powercfg /batteryreport) ಎಂಟರ್ ಒತ್ತಿ. ಒಂದು ವರದಿ ತಯಾರಾಗಿ, ಅದು ಎಲ್ಲಿ ಕೂತಿದೆ ಎಂದು ಪರದೆಯ ಮೇಲೇ ಬರುತ್ತದೆ. ಬ್ರೌಸರಿನಲ್ಲಿ ತೆರೆದರೆ ಮೊದಲಿಗೇ ಎರಡು ಸಂಖ್ಯೆ ಸಿಗುತ್ತವೆ: ಡಿಸೈನ್ ಕೆಪಾಸಿಟಿ, ಅಂದರೆ ಹೊಸದರಲ್ಲಿ ಇರಬೇಕಾಗಿದ್ದದ್ದು, ಫುಲ್ ಚಾರ್ಜ್ ಕೆಪಾಸಿಟಿ, ಅಂದರೆ ಈಗ ತುಂಬಿದರೆ ಹಿಡಿಯುವುದು. ಎರಡೂ ಮಿಲಿವ್ಯಾಟ್-ಅವರ್‌ನಲ್ಲಿರುತ್ತವೆ, ಸಾವಿರದಿಂದ ಭಾಗಿಸಿಕೊಳ್ಳಿ.

ಲಿನಕ್ಸ್‌ನಲ್ಲಾದರೆ ಸಿಸ್ ಫೋಲ್ಡರಿನೊಳಗೆ ಕ್ಲಾಸ್, ಅದರೊಳಗೆ ಪವರ್_ಸಪ್ಲೈ, ಅದರೊಳಗೆ ಬ್ಯಾಟ್0. ಅಲ್ಲಿ ಎನರ್ಜಿ_ಫುಲ್_ಡಿಸೈನ್, ಎನರ್ಜಿ_ಫುಲ್, ಎನರ್ಜಿ_ನೌ, ಪವರ್_ನೌ ಎಂಬ ಪುಟ್ಟ ಫೈಲುಗಳಿರುತ್ತವೆ. ಇವೆಲ್ಲ ಮೈಕ್ರೋ ಲೆಕ್ಕದಲ್ಲಿ, ಹತ್ತು ಲಕ್ಷದಿಂದ ಭಾಗಿಸಬೇಕು. ಕೆಲವು ಯಂತ್ರಗಳಲ್ಲಿ ಎನರ್ಜಿ ಬದಲು ಚಾರ್ಜ್ ಎಂದಿರುತ್ತದೆ. ಅದು ಆಂಪಿಯರ್-ಅವರ್ ಲೆಕ್ಕ, ಬ್ಯಾಟರಿಯ ವೋಲ್ಟೇಜಿನಿಂದ ಗುಣಿಸಿದ ಮೇಲೆ ವ್ಯಾಟ್-ಅವರ್ ಸಿಗುತ್ತದೆ.

ತಂಗಿಯ ಯಂತ್ರದ್ದು ಡಿಸೈನ್ 57, ಈಗಿನದು 41. ನೂರಕ್ಕೆ 72. ನಾಲ್ಕು ವರ್ಷ ದಿನಾ ದುಡಿದ ಬ್ಯಾಟರಿಗೆ ಇದು ಸಾವಲ್ಲ, ವಯಸ್ಸು.

ಈ ಸಂಖ್ಯೆಯನ್ನು ಎಷ್ಟು ನಂಬಬಹುದು? ಪ್ಯಾಕಿನೊಳಗೆ ಒಂದು ಪುಟ್ಟ ಚಿಪ್ ಕೂತು, ಒಳಗೆ ಹೋದ ಹೊರಗೆ ಬಂದ ಕರೆಂಟನ್ನು ಎಣಿಸುತ್ತಿರುತ್ತದೆ. ತುಂಬಿದ್ದು ಯಾವಾಗ, ಖಾಲಿಯಾದದ್ದು ಯಾವಾಗ ಎಂದು ಅದಕ್ಕೆ ಖಚಿತವಾಗಿ ಗೊತ್ತಾಗುವುದು ಎರಡು ತುದಿಗಳಲ್ಲಿ ಮಾತ್ರ. ವರ್ಷಗಟ್ಟಲೆ 60 ರಿಂದ 90 ರ ನಡುವೆಯೇ ಆಡಿಸಿದರೆ ಎಣಿಕೆಯ ತಪ್ಪು ಕೂಡುತ್ತಾ ಹೋಗಿ, ಫುಲ್ ಚಾರ್ಜ್ ಎಂದು ತೋರಿಸುವುದು ಹಳೆಯ ಊಹೆಯಾಗಿರುತ್ತದೆ. ಹಾಗಾಗಿ ಒಮ್ಮೆ ಪೂರ್ತಿ ತುಂಬಿಸಿ, ಒಂದೆರಡು ಗಂಟೆ ಹಾಗೇ ಬಿಟ್ಟು, ನಡುವೆ ಚಾರ್ಜರ್ ಚುಚ್ಚದೆ ತಾನಾಗಿ ಆರುವವರೆಗೆ ಓಡಿಸಿ, ಮತ್ತೆ ಪೂರ್ತಿ ತುಂಬಿಸಿ. ಆಮೇಲೆ ವರದಿ ಇನ್ನೊಮ್ಮೆ ತೆಗೆಯಿರಿ. ಇದನ್ನು ವಾರವಾರ ಮಾಡಬಾರದು, ಪೂರ್ತಿ ಖಾಲಿ ಮಾಡುವುದೇ ಬ್ಯಾಟರಿಯನ್ನು ಸವೆಸುತ್ತದೆ. ಅಳತೆ ಬೇಕಾದಾಗ ಒಮ್ಮೆ ಸಾಕು.

ಓಡಿಸುವ ಆ ಹೊತ್ತಿನಲ್ಲೇ ನಿಮ್ಮದೇ ಲೆಕ್ಕವನ್ನೂ ಇಡಬಹುದು. ಐದೈದು ನಿಮಿಷಕ್ಕೊಮ್ಮೆ ಆ ಕ್ಷಣದ ವ್ಯಾಟ್ (ಲಿನಕ್ಸ್‌ನಲ್ಲಿ ಪವರ್_ನೌ, ವಿಂಡೋಸ್‌ನಲ್ಲಿ ಬ್ಯಾಟರಿ ಅಳೆಯುವ ಯಾವುದಾದರೂ ತಂತ್ರಾಂಶ ತೋರಿಸುವುದು) ಬರೆದುಕೊಂಡು, ಕೊನೆಗೆ ಎಲ್ಲ ಕೂಡಿಸಿ 12 ರಿಂದ ಭಾಗಿಸಿದರೆ ಬ್ಯಾಟರಿ ನಿಜವಾಗಿ ಕೊಟ್ಟ ವ್ಯಾಟ್-ಅವರ್ ಬರುತ್ತದೆ. ನನಗೆ 39 ಬಂತು. ವಿಂಡೋಸ್ ಶೇಕಡಾ 5 ಉಳಿದಾಗಲೇ ಮಲಗಿಸುವುದರಿಂದ ಆ ಎರಡು ವ್ಯಾಟ್-ಅವರ್ ಸೇರಿಸಿದರೆ 41. ಚಿಪ್ ಸುಳ್ಳು ಹೇಳುತ್ತಿಲ್ಲ ಅಂತಾಯಿತು. ನಿಮ್ಮ ಮೊತ್ತ ವರದಿಗಿಂತ ಬಹಳ ಕಡಿಮೆ ಬಂದು, ಶೇಕಡಾ 30 ಇದ್ದಾಗಲೇ ಯಂತ್ರ ಧಡಕ್ಕನೆ ಆರಿದರೆ ಪ್ಯಾಕಿನಲ್ಲಿ ಒಂದು ಸೆಲ್ ಸೋತಿದೆ, ಇಲ್ಲವೇ ಒಳಗಿನ ರೋಧ ಏರಿದೆ. ಅದನ್ನೂ ನೋಡಬಹುದು: ಸುಮ್ಮನಿದ್ದಾಗಿನ ವೋಲ್ಟೇಜು ಮತ್ತು ಕರೆಂಟು, ಭಾರ ಹಾಕಿದಾಗಿನ ವೋಲ್ಟೇಜು ಮತ್ತು ಕರೆಂಟು. ಅರ್ಧ ಆಂಪಿಯರಿನಲ್ಲಿ 11.5 ವೋಲ್ಟ್ ಇದ್ದದ್ದು ಎರಡು ಆಂಪಿಯರಿಗೆ 11.2 ಆದರೆ ರೋಧ 0.2 ಓಮ್, ಚಿಂತೆಯಿಲ್ಲ. ಅಷ್ಟೇ ಭಾರಕ್ಕೆ ಒಂದು ವೋಲ್ಟ್ ಕುಸಿದರೆ ಆ ಪ್ಯಾಕ್ ಬದಲಿಸಲೇಬೇಕು, ಶೇಕಡಾ ಎಷ್ಟೇ ತೋರಿಸಲಿ.

ಇನ್ನೊಂದು ಮಾತು. ಬ್ಯಾಟರಿ 80 ಕ್ಕೇ ನಿಂತು ಮುಂದೆ ಹೋಗುತ್ತಿಲ್ಲ ಎಂದು ಗಾಬರಿಯಾಗುವವರಿದ್ದಾರೆ. ಬ್ಯಾಟರಿ ಬಾಳಿಕೆಗಾಗಿ ಹಾಕಿರುವ ಚಾರ್ಜ್ ಮಿತಿ ಅದು, ದೋಷವಲ್ಲ. ಅಳೆಯುವ ದಿನ ತೆಗೆದಿಡಿ.

ಸುಮ್ಮನೆ ಕೂತಾಗ ಎಷ್ಟು ಎಳೆಯುತ್ತದೆ

ನಮ್ಮ ಕೇಸಿನಲ್ಲಿ ಸಿಕ್ಕಿಬಿದ್ದದ್ದು ಇಲ್ಲೇ. ಮೊದಲು 'ಸುಮ್ಮನೆ' ಅಂದರೇನು ಎಂದು ಗಟ್ಟಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ನಿನ್ನೆಯ ಅಳತೆಗೂ ಇವತ್ತಿನದಕ್ಕೂ ತಾಳೆಯಾಗದು. ನನ್ನ ರೂಢಿ ಇದು: ಯಂತ್ರ ಹೊಸದಾಗಿ ಶುರುಮಾಡಿ ಹದಿನೈದು ನಿಮಿಷ ಬಿಡುವುದು, ಏಕೆಂದರೆ ಶುರುವಿನಲ್ಲಿ ಅಪ್‌ಡೇಟು ಇಂಡೆಕ್ಸು ಅಂತ ಹಿಂದೆ ಏನೇನೋ ನಡೆದಿರುತ್ತದೆ. ಪರದೆ ಹೊತ್ತಿರಬೇಕು, ಬೆಳಕು ಒಂದೇ ಮಟ್ಟದಲ್ಲಿರಬೇಕು, ತಾನಾಗಿ ಏರಿಳಿಯುವ ಸೌಲಭ್ಯ ಆಫ್. ವೈಫೈ ಆನ್. ಪರದೆಯ ಮೇಲೆ ಯಾವ ತಂತ್ರಾಂಶದ ಕಿಟಕಿಯೂ ತೆರೆದಿರಬಾರದು. ಬ್ಯಾಟರಿ ಸೇವರ್ ಕೂಡ ಆಫ್, ಇಲ್ಲದಿದ್ದರೆ ಚಾರ್ಜ್ ಒಂದು ಮಟ್ಟಕ್ಕೆ ಇಳಿದೊಡನೆ ಅದು ಬೆಳಕು ಇಳಿಸಿ ಲೆಕ್ಕ ಕೆಡಿಸುತ್ತದೆ. ಚಾರ್ಜರ್ ಕಿತ್ತ ಮೊದಲ ಕೆಲವು ನಿಮಿಷದ ಸಂಖ್ಯೆಗಳನ್ನು ಬಿಟ್ಟುಬಿಡಿ, ಅವು ತೂಗಾಡುತ್ತವೆ. 95 ರಿಂದ ಕೆಳಗೆ ಒಂದು ಗಂಟೆ ಓಡಲಿ.

ಆ ಗಂಟೆಯ ಆರಂಭದಲ್ಲಿ ಎಷ್ಟು ಮಿಲಿವ್ಯಾಟ್-ಅವರ್ ಇತ್ತು, ಕೊನೆಗೆ ಎಷ್ಟು ಉಳಿಯಿತು, ಅದನ್ನು ಕಳೆಯಿರಿ. ಲಿನಕ್ಸ್‌ನಲ್ಲಿ ಎನರ್ಜಿ_ನೌ ಫೈಲನ್ನು ಎರಡು ಸಲ ಓದಿದರಾಯಿತು. ವಿಂಡೋಸ್‌ನಲ್ಲಿ ಮತ್ತೊಮ್ಮೆ ಬ್ಯಾಟರಿ ವರದಿ ತೆಗೆದರೆ, ಬ್ಯಾಟರಿ ಯೂಸೇಜ್ ಎಂಬ ಪಟ್ಟಿಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಎಂದು ಬರೆದಿರುತ್ತದೆ. ಒಂದು ಕ್ಷಣದ ವ್ಯಾಟ್ ನೋಡಿ ತೀರ್ಮಾನ ಮಾಡಬೇಡಿ, ಅದು 4 ಅಂದದ್ದು ಮರುಗಳಿಗೆ 9 ಅನ್ನುತ್ತದೆ. ಇನ್ನೂ ಒಂದು: ಅಳೆಯುವ ತಂತ್ರಾಂಶವನ್ನು ಸೆಕೆಂಡಿಗೊಮ್ಮೆ ಓದುವಂತೆ ತೆರೆದಿಟ್ಟರೆ ಅದೇ ಪ್ರೊಸೆಸರನ್ನು ಎಬ್ಬಿಸುತ್ತಿರುತ್ತದೆ.

14 ಇಂಚಿನ ಮಾಮೂಲಿ ಆಫೀಸ್ ಲ್ಯಾಪ್‌ಟಾಪ್, ಇತ್ತೀಚಿನ ಏಳೆಂಟು ವರ್ಷದ್ದು, ಪರದೆಯ ಬೆಳಕು ಮಂದವಿದ್ದರೆ ಸುಮ್ಮನೆ ಕೂತಾಗ 3 ರಿಂದ 6 ವ್ಯಾಟ್ ಎಳೆದರೆ ಆರೋಗ್ಯವಾಗಿದೆ ಎಂದು ನಾನು ಲೆಕ್ಕ ಹಾಕುತ್ತೇನೆ. ತಂಗಿಯದು 11.8. ಪಾಠ ನಡೆಯುವಾಗ, ಕ್ಯಾಮೆರಾ ವಿಡಿಯೊ ಎಲ್ಲ ಸೇರಿ 16. ಈಗ ಭಾಗಿಸಿ ನೋಡಿ: 41 ನ್ನು 16 ರಿಂದ ಭಾಗಿಸಿದರೆ ಎರಡು ಗಂಟೆ 34 ನಿಮಿಷ. ಅವಳು ಫೋನಿನಲ್ಲಿ ಹೇಳಿದ ಎರಡೂವರೆ ಗಂಟೆ ಕರಾರುವಾಕ್ಕಾಗಿತ್ತು.

ಒಂದೊಂದಾಗಿ ಕಳಚುತ್ತಾ ಹೋಗುವುದು

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಇಪ್ಪತ್ತು ನಿಮಿಷದ ಅಳತೆ, ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಬೇಸರದ ಕೆಲಸ ನಿಜ, ಆದರೆ ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ.

ಪರದೆಯ ಬೆಳಕು ನೂರರಿಂದ ನಲವತ್ತಕ್ಕೆ: 11.8 ಇದ್ದದ್ದು 10.3. ಮೌಸಿನ ಯುಎಸ್‌ಬಿ ರಿಸೀವರ್ ಕಿತ್ತಾಗ 10.1, ಗಣನೆಗೆ ಬಾರದ್ದು. ಆಮೇಲೆ ಪಕ್ಕದ ಸೀಳಿನಲ್ಲಿ ಕೂತಿದ್ದ ಕ್ಯಾಮೆರಾ ಮೆಮೊರಿ ಕಾರ್ಡು. ಮದುವೆ ಫೋಟೊ ಹಾಕಿಕೊಂಡ ಮೇಲೆ ತೆಗೆಯುವುದು ಮರೆತು ತಿಂಗಳುಗಟ್ಟಲೆ ಅಲ್ಲೇ ಇತ್ತು. ಅದನ್ನು ತೆಗೆದ ಕೂಡಲೆ 8.0. ಬರೀ ಕಾರ್ಡಿಗೆ ಎರಡು ವ್ಯಾಟ್!

ಕಾರ್ಡು ತಾನಾಗಿ ಅಷ್ಟು ಕುಡಿಯುವುದಿಲ್ಲ. ಇವತ್ತಿನ ಪ್ರೊಸೆಸರ್ ಉಳಿತಾಯ ಮಾಡುವುದು ನಿದ್ದೆಯಿಂದ. ಒಂದೊಂದು ಕೋರ್ ಮಲಗಿದರೆ ಸ್ವಲ್ಪ ಉಳಿತಾಯ. ಇಡೀ ಚಿಪ್, ಅದರ ಮೆಮೊರಿ ದಾರಿ, ಉಳಿದ ಉಪಕರಣಗಳು ಅದಕ್ಕೆ ಬಂದು ಸೇರುವ ಪಿಸಿಐ ದಾರಿಗಳೆಲ್ಲ ಒಟ್ಟಿಗೆ ಆಳವಾದ ನಿದ್ದೆಗೆ ಇಳಿದರೆ ದೊಡ್ಡ ಉಳಿತಾಯ. ಇಂಟೆಲ್ ಚಿಪ್ಪುಗಳಲ್ಲಿ ಇದಕ್ಕೆ ಪ್ಯಾಕೇಜ್ ಸಿ-ಸ್ಟೇಟ್ ಎನ್ನುತ್ತಾರೆ. ಸಿ2, ಸಿ3 ಅಂದರೆ ತೂಕಡಿಕೆ. ಸಿ8, ಸಿ10 ಅಂದರೆ ಗಾಢ ನಿದ್ದೆ. ಪಿಸಿಐ ದಾರಿಗೆ ತಗುಲಿಕೊಂಡ ಒಂದು ಉಪಕರಣ ಎಚ್ಚರವಿದ್ದರೂ ಈ ಗಾಢ ನಿದ್ದೆ ಸಿಗುವುದಿಲ್ಲ. ಮನೆಯಲ್ಲಿ ಒಂದು ಕೂಸು ಎದ್ದು ಅಳುತ್ತಿದ್ದರೆ ಮನೆಮಂದಿಗೆಲ್ಲ ಜಾಗರಣೆಯಾದಂತೆ. ಕಾರ್ಡ್ ಒಳಗಿದ್ದಷ್ಟು ಹೊತ್ತು ಕಾರ್ಡ್ ಓದುವ ಚಿಪ್ ಮಲಗಿರಲಿಲ್ಲ. ಇದೇ ಕೆಲಸವನ್ನು ಕೆಲವು ಯುಎಸ್‌ಬಿ-ಸಿ ಹಬ್‌ಗಳು, ಎಚ್‌ಡಿಎಂಐ ಅಡಾಪ್ಟರುಗಳು ಮಾಡುತ್ತವೆ. ತಂತಿಯ ಇನ್ನೊಂದು ತುದಿಗೆ ಏನೂ ಸಿಕ್ಕಿಸದಿದ್ದರೂ ಸುಮ್ಮನಿರುವುದಿಲ್ಲ.

ಇನ್ನೂ 8 ರಲ್ಲಿತ್ತು. ಉಳಿದದ್ದು ಯಂತ್ರದ್ದೋ ತಂತ್ರಾಂಶದ್ದೋ ಎಂದು ಬೇರ್ಪಡಿಸಲು ಇರುವ ಒಳ್ಳೆಯ ದಾರಿ, ಪೆನ್‌ಡ್ರೈವಿನಿಂದ ಲಿನಕ್ಸ್ ಲೈವ್ ಓಡಿಸುವುದು. ಒಳಗಿನ ಡಿಸ್ಕನ್ನು ಮುಟ್ಟಬೇಕಿಲ್ಲ, ಇನ್‌ಸ್ಟಾಲ್ ಬೇಡ. ಅಲ್ಲೂ ಅಷ್ಟೇ ಎಳೆದರೆ ದೋಷ ಯಂತ್ರದಲ್ಲಿ ಅಥವಾ ಅದರ ಚಿಪ್ಪಿನಲ್ಲೇ ಬರೆದಿಟ್ಟ ಮೂಲ ತಂತ್ರಾಂಶದಲ್ಲಿ, ಅಂದರೆ ಫರ್ಮ್‌ವೇರಿನಲ್ಲಿ. ಅಲ್ಲಿ ಇಳಿದರೆ ದೋಷ ವಿಂಡೋಸ್‌ನಲ್ಲಿ ಹಾಕಿರುವ ಯಾವುದರಲ್ಲೋ. ಉಬುಂಟು ಲೈವ್‌ನಲ್ಲಿ ಅದೇ ಬೆಳಕಿಗೆ 5.4 ಬಂತು, ಪೆನ್‌ಡ್ರೈವ್ ಎಳೆಯುವುದೂ ಸೇರಿ. ಖಾತ್ರಿಗಾಗಿ ಕಾರ್ಡನ್ನು ಮತ್ತೆ ಸಿಕ್ಕಿಸಿದೆ: 7.5. ಪವರ್‌ಟಾಪ್ ತಂತ್ರಾಂಶದ ಐಡಲ್ ಪುಟದಲ್ಲಿ ಕಾರ್ಡ್ ಇದ್ದಾಗ ಚಿಪ್ ಸಿ3 ದಾಟಿ ಕೆಳಗಿಳಿಯಲೇ ಇಲ್ಲ, ತೆಗೆದರೆ ಸಿ8 ಕಾಣಿಸಿಕೊಂಡಿತು. ಕಾರ್ಡಿನ ಮೇಲಿನ ಅನುಮಾನ ಹೀಗೆ ಗಟ್ಟಿಯಾಯಿತು.

ಹಾಗಾದರೆ ವಿಂಡೋಸ್‌ನೊಳಗೆ ಎರಡೂವರೆ ವ್ಯಾಟ್ ತಿನ್ನುತ್ತಿದ್ದುದು ಯಾವುದು? ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಬರೀ ಶೇಕಡಾ 4, 5 ತೋರಿಸುತ್ತಿತ್ತು, ಯಾರಿಗೂ ಅನುಮಾನ ಬರುವ ಸಂಖ್ಯೆಯಲ್ಲ. ಆದರೆ ಸುಮ್ಮನಿರುವ ಯಂತ್ರದಲ್ಲಿ ಅದು ಒಂದರ ಹತ್ತಿರ ಇರಬೇಕು. ನಿದ್ದೆ ಕೆಡಿಸಲು ದೊಡ್ಡ ಗದ್ದಲ ಬೇಡ, ಬಿಟ್ಟೂ ಬಿಡದೆ ಬಾಗಿಲು ತಟ್ಟಿದರೆ ಸಾಕು. ಸಿಪಿಯು ಟೈಮ್ ಎಂಬ ಕಾಲಮ್ಮನ್ನು ಡೀಟೇಲ್ಸ್ ಪುಟದಲ್ಲಿ ಹಾಕಿಕೊಂಡು ಅರ್ಧ ಗಂಟೆ ಬಿಟ್ಟು ನೋಡಿದಾಗ ಮೇಲೆ ಬಂದದ್ದು ಎರಡು ಆ್ಯಂಟಿವೈರಸ್‌ಗಳು. ಒಂದು ಯಂತ್ರದ ಜೊತೆಗೇ ಬಂದು, ಅವಧಿ ಮುಗಿದರೂ ಹೋಗದೆ ಉಳಿದದ್ದು. ಇನ್ನೊಂದು ಯಾರೋ ಆಮೇಲೆ ಹಾಕಿಕೊಟ್ಟದ್ದು. ಒಂದು ತೆರೆದ ಫೈಲನ್ನು ಇನ್ನೊಂದು ಪರೀಕ್ಷಿಸುತ್ತಾ ಎರಡೂ ದಿನವಿಡೀ ಕಾದಾಡುತ್ತಿದ್ದವು. ಎರಡನ್ನೂ ಕಳಚಿ ವಿಂಡೋಸ್‌ನದ್ದೇ ಡಿಫೆಂಡರನ್ನು ಉಳಿಸಿದೆ. 5.6.

ನಿಮ್ಮದರಲ್ಲಿ ಪ್ರೊಸೆಸರಿನೊಳಗಿನದಲ್ಲದೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅನುಮಾನಿತರಲ್ಲಿ ಅದೇ ಮೊದಲು. ಮಲಗಿದ್ದರೆ ಸೊನ್ನೆಯ ಹತ್ತಿರ, ಎಚ್ಚರವಿದ್ದರೆ ಏನೂ ಮಾಡದೆ ಐದು ಹತ್ತು ವ್ಯಾಟ್. ಇಲ್ಲೊಂದು ಬಲೆ ಇದೆ: ಎನ್‌ವಿಡಿಯಾ ಕಾರ್ಡಿನ ಸ್ಥಿತಿ ತೋರಿಸುವ ತಂತ್ರಾಂಶ ತೆರೆದರೆ ಆ ಕಾರ್ಡು ಅದಕ್ಕೇ ಎದ್ದುಬಿಡುತ್ತದೆ. ಹಾಗಾಗಿ ಅದನ್ನು ಕೇಳಬೇಡಿ, ಬ್ಯಾಟರಿ ಎಷ್ಟು ಇಳಿಯಿತು ಎಂದು ನೋಡಿ.

ಲಿನಕ್ಸ್ ಬಳಸುವವರಿಗೆ ಇನ್ನೊಂದು. ಕೆವರ್ಕರ್ ಎಂಬ, ಲಿನಕ್ಸ್‌ನದೇ ಹಿನ್ನೆಲೆ ಪ್ರಾಸೆಸ್ ಒಂದು ಕೋರನ್ನು ಬಿಡದೆ ತಿನ್ನುತ್ತಿದ್ದರೆ, ಸಿಸ್ ಫೋಲ್ಡರಿನ ಫರ್ಮ್‌ವೇರ್, ಎಸಿಪಿಐ, ಇಂಟರಪ್ಟ್ಸ್ ಒಳಗಿನ ಜಿಪಿಇ ಎಣಿಕೆಗಳನ್ನು, ಅಂದರೆ ಯಂತ್ರದ ಭಾಗಗಳು ಎಷ್ಟು ಸಲ ಕರೆ ಕೊಟ್ಟವು ಎಂಬುದನ್ನು, ಓದಿ. ಅವುಗಳಲ್ಲಿ ಒಂದು ಮಾತ್ರ ಲಕ್ಷಗಟ್ಟಲೆ ಏರಿದ್ದರೆ ಫರ್ಮ್‌ವೇರ್ ಸುಳ್ಳು ಕರೆ ಕೊಡುತ್ತಿದೆ. ಮೊದಲು ಬಯೋಸ್, ಅಂದರೆ ಆ ಫರ್ಮ್‌ವೇರ್, ಅಪ್‌ಡೇಟ್ ಮಾಡಿ ನೋಡಿ.

ಗೋಡೆಯ ಕಡೆಯಿಂದ ಅಳೆದರೆ

ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇದ್ದರೆ ಬ್ಯಾಟರಿ ಚಿಪ್ ನಂಬದೆಯೂ ಅಳೆಯಬಹುದು. ಬ್ಯಾಟರಿ ಪೂರ್ತಿ ತುಂಬಿ ಚಾರ್ಜಿಂಗ್ ನಿಂತ ಮೇಲೆ ನೋಡಿ, ಇಲ್ಲವಾದರೆ ಚಾರ್ಜಿಗೆ ಹೋಗುವುದೂ ಸೇರಿಕೊಳ್ಳುತ್ತದೆ. ಚಾರ್ಜರ್ ತಾನೇ ಹತ್ತು ಹದಿನೈದು ಶೇಕಡಾ ಬಿಸಿಯಾಗಿ ಕಳೆಯುತ್ತದೆ, ಸುಮ್ಮನಿರುವಾಗಿನ ಸಣ್ಣ ಭಾರಕ್ಕೆ ಇನ್ನೂ ಹೆಚ್ಚು. ಹಾಗಾಗಿ ಒಳಗೆ 5.6 ಇದ್ದರೆ ಗೋಡೆಯಲ್ಲಿ 7 ರ ಸುತ್ತಮುತ್ತ ಕಂಡರೆ ಸರಿ. ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ 230 ರಿಂದ ಗುಣಿಸುವುದು ಮಾತ್ರ ಬೇಡ. ಸಣ್ಣ ಚಾರ್ಜರುಗಳ ಪವರ್ ಫ್ಯಾಕ್ಟರ್ (ಹಾಗೆ ಗುಣಿಸಿ ಬಂದದ್ದರಲ್ಲಿ ನಿಜವಾದ ವ್ಯಾಟಿನ ಪಾಲು) ಅರ್ಧದ ಆಸುಪಾಸಿನಲ್ಲಿರುತ್ತದೆ, ನಿಜಕ್ಕಿಂತ ಸುಮಾರು ಎರಡು ಪಟ್ಟು ತೋರುತ್ತದೆ.

ಮೀಟರ್ ಇಲ್ಲದಿದ್ದರೆ ಮನೆಯ ಕರೆಂಟ್ ಮೀಟರೇ ಇದೆ. ಅದರ ಮೇಲೆ ಮಿನುಗುವ ಕೆಂಪು ದೀಪವಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ಹಲವು ಮೀಟರುಗಳಲ್ಲಿ 3200. ಫ್ರಿಜ್, ಯುಪಿಎಸ್, ಟಿವಿ ಎಲ್ಲದರ ಪ್ಲಗ್ ಕಿತ್ತು ಲ್ಯಾಪ್‌ಟಾಪ್ ಒಂದನ್ನೇ ಬಿಟ್ಟು, ಎರಡು ಮಿನುಗಿನ ನಡುವಿನ ಸೆಕೆಂಡು ಎಣಿಸಿ. 3200 ರ ಮೀಟರಿಗೆ 1125 ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್. 94 ಸೆಕೆಂಡಿಗೊಮ್ಮೆ ಮಿನುಗಿದರೆ 12 ವ್ಯಾಟ್. ಇಷ್ಟು ಚಿಕ್ಕ ಭಾರಕ್ಕೆ ಮನೆಯ ಮೀಟರ್ ಕರಾರುವಾಕ್ಕಲ್ಲ, ಆದರೆ 6 ಕ್ಕೂ 12 ಕ್ಕೂ ಇರುವ ಅಂತರವನ್ನು ಧಾರಾಳವಾಗಿ ತೋರಿಸುತ್ತದೆ.

ಮುಚ್ಚಳ ಹಾಕಿದಾಗ ಬ್ಯಾಟರಿ ಇಳಿಯುವುದು ಬೇರೆಯೇ ದೋಷ. ರಾತ್ರಿಯ ಎಂಟು ಗಂಟೆಗಳಲ್ಲಿ 11 ವ್ಯಾಟ್-ಅವರ್ ಹೋದರೆ ಸುಮಾರು 1.4 ವ್ಯಾಟ್, ಅದು ನಿದ್ದೆಯಲ್ಲ. ಅರ್ಧ ವ್ಯಾಟಿನೊಳಗೆ ಇರಬೇಕು. ಪವರ್‌ಸಿಎಫ್‌ಜಿಯ ಸ್ಲೀಪ್‌ಸ್ಟಡಿ ವರದಿ ಯಾವುದು ಎಬ್ಬಿಸಿತು ಎಂದು ಹೇಳುತ್ತದೆ. ಸದ್ಯಕ್ಕೆ ಹೈಬರ್ನೇಟ್ ಮಾಡಿ, ಅಂದರೆ ತೆರೆದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಆರುವಂತೆ.

ಈಗ ಬ್ಯಾಟರಿ ಬೇಕೇ

ಪಾಠ ನಡೆಯುವಾಗ 16 ಎಳೆಯುತ್ತಿದ್ದುದು ಈಗ 11. ಹಳೆಯ 41 ರ ಬ್ಯಾಟರಿಯೇ ಮೂರು ಗಂಟೆ 44 ನಿಮಿಷ ಬರುತ್ತದೆ. ಏನನ್ನೂ ಸರಿಪಡಿಸದೆ ಹೊಸ 57 ರ ಬ್ಯಾಟರಿ ಹಾಕಿಸಿದ್ದರೆ ಮೂರು ಗಂಟೆ 34 ನಿಮಿಷ. ಅಂದರೆ ಸಾವಿರಾರು ರೂಪಾಯಿ ಕೊಟ್ಟು, ಕಾರ್ಡು ತೆಗೆದದ್ದಕ್ಕೆ ಮತ್ತು ಎರಡು ತಂತ್ರಾಂಶ ಕಳಚಿದ್ದಕ್ಕೆ ಸಿಕ್ಕಷ್ಟೂ ಸಿಗುತ್ತಿರಲಿಲ್ಲ. ಎರಡನ್ನೂ ಮಾಡಿದರೆ ಐದು ಗಂಟೆ ದಾಟುತ್ತದೆ. ತಂಗಿಗೆ ಲೆಕ್ಕ ತೋರಿಸಿದೆ. "ಬೆಳಿಗ್ಗೆ ಮೂರು ಪಿರಿಯಡ್ ಮುಗೀತದಲ್ಲ, ಈ ಮಳೆಗಾಲಕ್ಕೆ ಸಾಕು. ಬ್ಯಾಟರಿ ಮುಂದಿನ ವರ್ಷ ನೋಡನ" ಅಂದಳು.

ಕೊಳ್ಳುವ ದಿನ ಬಂದಾಗ ಎಂಎಎಚ್ (ಮಿಲಿಆಂಪಿಯರ್-ಅವರ್) ನೋಡಿ ಮರುಳಾಗಬೇಡಿ. 11.4 ವೋಲ್ಟಿನ 5000 ಎಂಎಎಚ್ ಪ್ಯಾಕ್ ಅಂದರೆ 57 ವ್ಯಾಟ್-ಅವರ್. 3.7 ವೋಲ್ಟಿನ 20000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74, ನಾಲ್ಕು ಪಟ್ಟಲ್ಲ. ಬ್ಯಾಟರಿಯ ಮೇಲಿನ ವ್ಯಾಟ್-ಅವರ್ ಓದಿ. ಮನೆಗೆ ತಂದು, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಮೇಲೆ ಹೇಳಿದ ಐದೈದು ನಿಮಿಷದ ಲೆಕ್ಕವನ್ನು ಒಮ್ಮೆ ಪೂರ್ತಿ ಮಾಡಿ. ನಕಲಿ ಪ್ಯಾಕಿನ ಚಿಪ್ ಡಿಸೈನ್ 57, ಫುಲ್ ಚಾರ್ಜ್ 57 ಎಂದು ಹೇಳುವಂತೆ ಬರೆದಿಡುವುದು ಕಷ್ಟವಲ್ಲ; 57 ನ್ನು ಕೊಡುವುದು ಒಳಗಿನ ಸೆಲ್ಲುಗಳು. ನಿಮ್ಮ ಮೊತ್ತ 50 ರ ಒಳಗೆ ಬಂದರೆ ನೋಟ್‌ಬುಕ್ಕಿನ ಆ ಹಾಳೆಯನ್ನೇ ತೆಗೆದುಕೊಂಡು ಅಂಗಡಿಗೆ ಹೋಗಿ.